ಜಾಹೀರಾತು ಮತ್ತು ಸಾರ್ವಜನಿಕ ಸಂಪರ್ಕ ವೃತ್ತಿ: ಘಣಸೋಲಿಯ ಪದವಿ ವಿದ್ಯಾರ್ಥಿಗಳ ಪೂರ್ವಸಿದ್ಧತೆ

ಥಾಣೆಯಿಂದ ವಾಶಿಯ ಕಡೆಗೆ ಸಾಗುವ ರೈಲುಮಾರ್ಗದಲ್ಲಿ ರಬಾಳೆ ಮತ್ತು ಕೋಪರ್‌ಖೈರಣೆ ನಿಲ್ದಾಣಗಳ ನಡುವೆ ಬರುವ ಘಣಸೋಲಿಯು ಮೂಲತಃ ಖಾಡಿಯ ಅಂಚಿನ ಒಂದು ಹಳ್ಳಿ. 1970ರಲ್ಲಿ ಸ್ಥಾಪಿತವಾದ ಸಿಡ್ಕೊ ಸಂಸ್ಥೆಯು ನವಿ ಮುಂಬಯಿಯನ್ನು ಕಟ್ಟತೊಡಗಿದಾಗ ಈ ಹಳ್ಳಿಯ ಸುತ್ತ ಸೆಕ್ಟರುಗಳು ಎದ್ದವು. 2004ರಲ್ಲಿ ಈ ಮಾರ್ಗದಲ್ಲಿ ಪ್ರಯಾಣಿಕರ ರೈಲು ಓಡಲಾರಂಭಿಸಿದ ಮೇಲೆ ವಸತಿ ಇನ್ನಷ್ಟು ಬೆಳೆಯಿತು. ಒಂದು ಪಕ್ಕದಲ್ಲಿ ಥಾಣೆ-ಬೇಲಾಪುರ ರಸ್ತೆಯ ಕೈಗಾರಿಕಾ ಪ್ರದೇಶ, ಇನ್ನೊಂದು ಪಕ್ಕದಲ್ಲಿ ರಿಲಯನ್ಸ್ ಸಂಸ್ಥೆಯ ವಿಶಾಲ ಕಚೇರಿ ಸಮುಚ್ಚಯ, ನಡುವೆ ಮಧ್ಯಮ ವರ್ಗದ ಮನೆಗಳು. ಹೋಟೆಲು, ಕಾರ್ಖಾನೆ, ಬ್ಯಾಂಕುಗಳ ದುಡಿಮೆಯನ್ನು ನಂಬಿ ಮುಂಬಯಿಗೆ ಬಂದು ಅನಂತರ ಇಲ್ಲಿ ನೆಲೆ ನಿಂತ ಕನ್ನಡ ಮತ್ತು ತುಳು ಕುಟುಂಬಗಳ ಎರಡನೆಯ ಹಾಗೂ ಮೂರನೆಯ ತಲೆಮಾರಿನ ಮಕ್ಕಳು ಇಂದು ವಾಶಿ, ನೆರೂಲ್, ಥಾಣೆಗಳ ಕಾಲೇಜುಗಳಲ್ಲಿ ಪದವಿ ವ್ಯಾಸಂಗ ಮಾಡುತ್ತಿದ್ದಾರೆ. ಅವರಲ್ಲಿ ಹಲವರು ಸಮೂಹ ಮಾಧ್ಯಮದ ಪದವಿಗೆ ಸೇರುತ್ತಾರೆ. ಆದರೆ ಮೂರು ವರ್ಷಗಳ ಬಳಿಕ ಎಂಥ ಕೆಲಸ, ಯಾವ ಬಾಗಿಲಿನಿಂದ ಪ್ರವೇಶ ಎಂಬುದು ವಿದ್ಯಾರ್ಥಿಗಳಿಗೂ ಹೆತ್ತವರಿಗೂ ಸ್ಪಷ್ಟವಾಗಿರುವುದಿಲ್ಲ. ಆ ಅಸ್ಪಷ್ಟತೆಯನ್ನು ಕೊಂಚ ಮಟ್ಟಿಗಾದರೂ ನಿವಾರಿಸುವುದು ಈ ಪಾಠದ ಉದ್ದೇಶ.

ಎರಡು ವೃತ್ತಿಗಳು, ಒಂದು ಬಂಡವಾಳ

ಜಾಹೀರಾತು ಮತ್ತು ಸಾರ್ವಜನಿಕ ಸಂಪರ್ಕ ಎಂಬ ಪದಗಳನ್ನು ಒಟ್ಟಿಗೆ ಉಚ್ಚರಿಸುವ ರೂಢಿಯಿದ್ದರೂ ಅವೆರಡೂ ಒಂದೇ ಅಲ್ಲ. ಜಾಹೀರಾತೆಂದರೆ ಹಣ ತೆತ್ತು ಪಡೆದ ಸ್ಥಳದಲ್ಲಿ ಅಥವಾ ಸಮಯದಲ್ಲಿ ನಮಗೆ ಬೇಕಾದ ಮಾತನ್ನು ನಮಗೆ ಬೇಕಾದ ರೀತಿಯಲ್ಲಿ ಹೇಳುವುದು. ಸಾರ್ವಜನಿಕ ಸಂಪರ್ಕದಲ್ಲಾದರೋ ಸ್ಥಳ ನಮ್ಮದಲ್ಲ. ಪತ್ರಿಕೆಯ ಸಂಪಾದಕನು ನಮ್ಮ ಪ್ರಕಟಣೆಯನ್ನು ಹಾಕಬಹುದು, ಕತ್ತರಿಸಬಹುದು, ಬುಟ್ಟಿಗೆ ಎಸೆಯಬಹುದು. ಆದ್ದರಿಂದ ಅಲ್ಲಿ ನಡೆಯುವುದು ವಿಶ್ವಾಸದ ವ್ಯವಹಾರ. ಒಂದು ಸಂಸ್ಥೆಯು ತನ್ನ ನೌಕರರು, ನೆರೆಹೊರೆ, ಪಾಲುದಾರರು, ಸರ್ಕಾರ ಮತ್ತು ಪತ್ರಿಕೆಗಳೊಡನೆ ದೀರ್ಘಕಾಲ ಇರಿಸಿಕೊಳ್ಳುವ ಸಂಬಂಧವೇ ಅದರ ವಿಷಯ. ಎರಡಕ್ಕೂ ಸಮಾನವಾದ ಬಂಡವಾಳವೆಂದರೆ ಕೇಳುಗನನ್ನು ಬಲ್ಲ ಭಾಷೆ.

ಕನ್ನಡ ನಾಡಿನಲ್ಲೇ ಇದಕ್ಕೆ ಒಳ್ಳೆಯ ಪೂರ್ವನಿದರ್ಶನವಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಪ್ರೋತ್ಸಾಹ ಮತ್ತು ರಸಾಯನ ವಿಜ್ಞಾನಿ ಎಸ್. ಜಿ. ಶಾಸ್ತ್ರಿಯವರ ಪರಿಶ್ರಮದಿಂದ 1918ರಲ್ಲಿ ಮೈಸೂರು ಸ್ಯಾಂಡಲ್ ಸಾಬೂನು ಮಾರುಕಟ್ಟೆಗೆ ಬಂದಿತು. ಪೌರಾಣಿಕ ಶರಭವನ್ನು ಲಾಂಛನವಾಗಿ ಆರಿಸಿದ್ದು, ಆಭರಣದ ಪೆಟ್ಟಿಗೆಯನ್ನು ಹೋಲುವ ಹೊದಿಕೆಯಲ್ಲಿ ಸಾಬೂನನ್ನು ಇರಿಸಿದ್ದು, ಬೆಂಕಿಪೊಟ್ಟಣ ಹಾಗೂ ಟ್ರಾಮ್ ಟಿಕೆಟುಗಳ ಮೇಲೂ ಅದರ ಚಿತ್ರ ಮುದ್ರಿಸಿದ್ದು, ಕರಾಚಿಯಲ್ಲಿ ಒಂಟೆಗಳ ಮೆರವಣಿಗೆ ನಡೆಸಿದ್ದು, ಇವೆಲ್ಲ ಆ ಸಾಬೂನಿನ ಪ್ರಚಾರದ ಚರಿತ್ರೆಗೆ ಸೇರಿದ ಸಂಗತಿಗಳು. ಮೈಸೂರಿನ ಸಾಬೂನಿಗೆ ಕರಾಚಿಯಲ್ಲಿ ಒಂಟೆಯೇ ಏಕೆ ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳು ತಮಗೆ ತಾವೇ ಕೇಳಿಕೊಳ್ಳಬೇಕು. ಆ ಊರಿನ ಬೀದಿಯ ಕಣ್ಣಿಗೆ ಪರಿಚಿತವಾದ ಪ್ರಾಣಿ ಅದು. ಜಾಹೀರಾತು ಶಾಸ್ತ್ರದ ಅರ್ಧ ಪಾಠ ಇಲ್ಲಿಯೇ ಇದೆ.

ಏಜೆನ್ಸಿಯ ಒಳಗೆ

ಜಾಹೀರಾತು ಏಜೆನ್ಸಿಯ ಕೆಲಸವು ಸ್ಥೂಲವಾಗಿ ಹೀಗೆ ನಡೆಯುತ್ತದೆ. ಜಾಹೀರಾತುದಾರ ಸಂಸ್ಥೆಯೊಡನೆ ವ್ಯವಹರಿಸುವ ವಿಭಾಗವು ಅವರ ಅಗತ್ಯವನ್ನು ಅರಿತು ಒಂದು ಪುಟದ ಬ್ರೀಫ್ ಸಿದ್ಧಪಡಿಸುತ್ತದೆ. ಕಾಪಿರೈಟರ್ ಮಾತನ್ನೂ, ಕಲಾವಿದ ದೃಶ್ಯವನ್ನೂ ರೂಪಿಸುತ್ತಾರೆ. ಮಾಧ್ಯಮ ವಿಭಾಗವು ಯಾವ ಪತ್ರಿಕೆ, ಯಾವ ವಾಹಿನಿ, ಯಾವ ದಿನ ಎಂದು ಲೆಕ್ಕ ಹಾಕುತ್ತದೆ. ಹೊಸ ಪದವೀಧರರಿಗೆ ಸಾಮಾನ್ಯವಾಗಿ ಮೊದಲ ಸ್ಥಾನ ದೊರೆಯುವುದು ಜಾಹೀರಾತುದಾರರ ವಿಭಾಗದಲ್ಲಿ ಅಥವಾ ಮಾಧ್ಯಮದ ಲೆಕ್ಕದ ಮೇಜಿನಲ್ಲಿ. ಕಾಪಿರೈಟರ್ ಆಗಬಯಸುವವರ ಅಂಕಪಟ್ಟಿಯನ್ನು ಹೆಚ್ಚು ಜನ ನೋಡುವುದಿಲ್ಲ. ಬರೆದದ್ದನ್ನು ತೋರಿಸು ಎನ್ನುತ್ತಾರೆ.

ಹಣದ ದಾರಿಯನ್ನೂ ಅರಿತಿರಬೇಕು. ಪತ್ರಿಕೆಗಳು ಮಾನ್ಯತೆ ಪಡೆದ ಏಜೆನ್ಸಿಗಳಿಗೆ ಶೇಕಡಾ 15ರಷ್ಟು ಕಮಿಷನ್ ಬಿಟ್ಟುಕೊಡುವುದು ದೀರ್ಘಕಾಲದ ಪದ್ಧತಿ. ಅಂದರೆ 1,00,000 ರೂಪಾಯಿಯ ಜಾಹೀರಾತಿಗೆ ಏಜೆನ್ಸಿಯು ಪತ್ರಿಕೆಗೆ ಕಟ್ಟುವುದು 85,000. ಉಳಿದ 15,000 ಅದರ ಆದಾಯ. ಈ ಪದ್ಧತಿಯಲ್ಲಿ ಹೆಚ್ಚು ಖರ್ಚು ಮಾಡಿಸಿದಷ್ಟೂ ಏಜೆನ್ಸಿಗೆ ಹೆಚ್ಚು ಲಾಭವೆಂಬ ಆಕ್ಷೇಪ ಮೊದಲಿನಿಂದಲೂ ಇತ್ತು. ಈಗ ನಿಗದಿತ ಶುಲ್ಕದ ಪದ್ಧತಿಯೂ ವ್ಯಾಪಕವಾಗಿದೆ. ಮಾಧ್ಯಮಗಳ ಸ್ವರೂಪವೂ ಬದಲಾಗುತ್ತ ಬಂದಿದೆ. ವಿವಿಧ ಭಾರತಿಯಲ್ಲಿ ವಾಣಿಜ್ಯ ಪ್ರಸಾರ ಆರಂಭವಾದದ್ದು 1967ರಲ್ಲಿ, ದೂರದರ್ಶನದಲ್ಲಿ 1976ರಲ್ಲಿ. ಇಂದು ಜಾಹೀರಾತಿನ ದೊಡ್ಡ ಪಾಲು ಕೈಯಲ್ಲಿರುವ ಫೋನಿಗೆ ಬರುತ್ತಿದೆ.

ಈ ಕ್ಷೇತ್ರದ ಹೊರ ಮೆರುಗನ್ನು ಮಾತ್ರ ಕಂಡು ಬರುವವರು ಒಂದು ವಾಸ್ತವವನ್ನು ಗಮನಿಸತಕ್ಕದ್ದು. 2025ರ ನವೆಂಬರಿನಲ್ಲಿ ಅಮೆರಿಕದ ಓಮ್ನಿಕಾಂ ಸಮೂಹವು ಇಂಟರ್‌ಪಬ್ಲಿಕ್ ಸಮೂಹವನ್ನು ತನ್ನೊಳಗೆ ಸೇರಿಸಿಕೊಂಡಿತು. ದಶಕಗಳ ಹೆಸರುಳ್ಳ ಏಜೆನ್ಸಿಗಳೂ ಆ ವಿಲೀನದಲ್ಲಿ ತಮ್ಮ ಹೆಸರನ್ನು ಕಳೆದುಕೊಂಡವು. ಇತ್ತ, ಸಾಧಾರಣ ದರ್ಜೆಯ ಜಾಹೀರಾತು ಪಠ್ಯವನ್ನೂ ಪದಕ್ಕೆ ಪದ ಅನುವಾದವನ್ನೂ ಕೃತಕ ಬುದ್ಧಿಮತ್ತೆಯ ಯಂತ್ರಗಳು ಕ್ಷಣಾರ್ಧದಲ್ಲಿ ಒದಗಿಸುತ್ತಿವೆ. ಆದುದರಿಂದ ಯಂತ್ರವು ಸುಲಭವಾಗಿ ಮಾಡಬಲ್ಲ ಕೆಲಸವನ್ನೇ ಕಲಿತು ಹೊರಬೀಳುವ ಪದವೀಧರನ ಸ್ಥಿತಿ ಆತಂಕಕರ. ಅದೇ ವೇಳೆಗೆ, ಒಂದು ಬೀದಿಯ ಜನರನ್ನು ಅವರ ಭಾಷೆಯಲ್ಲೇ ಬಲ್ಲವನ ಬೆಲೆ ಕಡಿಮೆಯಾಗಿಲ್ಲ ಎಂಬುದು ಈ ಲೇಖಕನ ಅಭಿಪ್ರಾಯ.

ವ್ಯಾಸಂಗದ ಮಾರ್ಗಗಳು

ಮುಂಬಯಿ ವಿಶ್ವವಿದ್ಯಾಲಯದಲ್ಲಿ ಬಿ.ಎಂ.ಎಂ. ಎಂದು ಪ್ರಸಿದ್ಧವಾಗಿದ್ದ ಪದವಿಯು 2019-20ರಿಂದ ಬಹುಮಾಧ್ಯಮ ಮತ್ತು ಸಮೂಹ ಸಂವಹನದ ಕಲಾ ಪದವಿ ಎಂಬ ಹೆಸರನ್ನು ಪಡೆಯಿತು. ಕೊನೆಯ ವರ್ಷದಲ್ಲಿ ಜಾಹೀರಾತು ಅಥವಾ ಪತ್ರಿಕೋದ್ಯಮ ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಕ್ರಮ ಅಲ್ಲಿ ಬೆಳೆದುಬಂದಿದೆ. ರಾಷ್ಟ್ರೀಯ ಶಿಕ್ಷಣ ನೀತಿಯ ಅನುಷ್ಠಾನದಿಂದ ಪಠ್ಯಕ್ರಮಗಳು ಮಾರ್ಪಡುತ್ತಿರುವುದರಿಂದ ಪ್ರವೇಶಕ್ಕೆ ಮುನ್ನ ಆಯಾ ಕಾಲೇಜಿನಲ್ಲೇ ವಿಚಾರಿಸುವುದು ಕ್ಷೇಮ. ಪದವಿಯ ಬಳಿಕ, 1965ರಲ್ಲಿ ದೆಹಲಿಯಲ್ಲಿ ಸ್ಥಾಪನೆಯಾಗಿ 2024ರಲ್ಲಿ ಪರಿಗಣಿತ ವಿಶ್ವವಿದ್ಯಾಲಯದ ಸ್ಥಾನ ಪಡೆದ ಭಾರತೀಯ ಸಮೂಹ ಸಂವಹನ ಸಂಸ್ಥೆ, 1969ರಿಂದ ಮುಂಬಯಿಯಲ್ಲಿರುವ ಝೇವಿಯರ್ ಸಂವಹನ ಸಂಸ್ಥೆ, 1991ರಲ್ಲಿ ಆರಂಭವಾದ ಅಹಮದಾಬಾದಿನ ಮೈಕಾ, ಇವು ಹೆಸರಾಂತ ಕೇಂದ್ರಗಳು. ಶುಲ್ಕದಲ್ಲಿ ಇವುಗಳ ನಡುವೆ ಬಹಳ ಅಂತರವಿದೆ. ಸಾಲ ಮಾಡುವುದಕ್ಕೆ ಮೊದಲು ಅದನ್ನು ತೂಗಿ ನೋಡಬೇಕು.

ನಾಲ್ಕು ಭಾಷೆಗಳ ನೆರೆ

ಘಣಸೋಲಿಯ ಕನ್ನಡ ವಿದ್ಯಾರ್ಥಿಯೊಬ್ಬಳ ದಿನವನ್ನು ಕಲ್ಪಿಸಿಕೊಳ್ಳೋಣ. ಮನೆಯಲ್ಲಿ ಕನ್ನಡ ಅಥವಾ ತುಳು, ಕೆಳಗಿನ ಅಂಗಡಿಯಲ್ಲಿ ಮರಾಠಿ, ರೈಲಿನ ಡಬ್ಬಿಯಲ್ಲಿ ಹಿಂದಿ, ತರಗತಿಯಲ್ಲಿ ಇಂಗ್ಲಿಷ್. ಬಹುತೇಕ ಮಕ್ಕಳು ಇದನ್ನು ತಮ್ಮ ಕೊರತೆಯೆಂದು ಭಾವಿಸುತ್ತಾರೆ. ಇಂಗ್ಲಿಷಿನ ಉಚ್ಚಾರದಲ್ಲಿ ದಕ್ಷಿಣ ಮುಂಬಯಿಯ ಸಹಪಾಠಿಗಳಿಗೆ ತಾವು ಸಮನಲ್ಲವೆಂದು ಕುಗ್ಗುತ್ತಾರೆ. ಈ ಕುಗ್ಗುವಿಕೆಗೆ ಆಧಾರವಿಲ್ಲ. 2025ರಲ್ಲಿ ನಿಧನರಾದ ಪೀಯೂಷ್ ಪಾಂಡೆಯವರು ಜೈಪುರದಿಂದ ಬಂದು 1982ರಲ್ಲಿ ಮುಂಬಯಿಯ ಒಗಿಲ್ವಿ ಏಜೆನ್ಸಿ ಸೇರಿದಾಗ, ಜಾಹೀರಾತು ಜಗತ್ತು ಇಂಗ್ಲಿಷಿನಲ್ಲಿ ಯೋಚಿಸಿ ಹಿಂದಿಗೆ ಅನುವಾದಿಸುವ ಜಗತ್ತಾಗಿತ್ತು. ಅವರು ಬಡಗಿಯ ಅಂಗಡಿ ಮತ್ತು ಬಸ್ಸಿನ ಮೇಲೆ ಕುಳಿತ ಹಳ್ಳಿಗರ ಲೋಕವನ್ನು ಫೆವಿಕಾಲ್ ಜಾಹೀರಾತುಗಳಿಗೆ ತಂದರು. ಪೋಲಿಯೊ ಲಸಿಕೆಯ ಪ್ರಚಾರದಲ್ಲೂ ಅವರು ಕೆಲಸ ಮಾಡಿದರು. ಎರಡು ಹನಿ ಎಂಬ ಸರಳ ಮಾತು ದೇಶದ ಮೂಲೆ ಮೂಲೆಗಳನ್ನು ತಲುಪಿತು. 2014ರ ಮಾರ್ಚ್ 27ರಂದು ಭಾರತವು ಪೋಲಿಯೊಮುಕ್ತವೆಂದು ಪ್ರಮಾಣೀಕೃತವಾದುದರ ಹಿಂದೆ ಲಸಿಕೆ ಹಾಕಿದ ಲಕ್ಷಾಂತರ ಕಾರ್ಯಕರ್ತರ ದುಡಿಮೆಯೇ ಪ್ರಧಾನ. ಆದರೂ ತಾಯಂದಿರನ್ನು ಬೂತಿನ ಕಡೆಗೆ ಹೊರಡಿಸಿದ ಮಾತಿನ ಪಾತ್ರ ಸಣ್ಣದಲ್ಲ.

ಭಾಷೆಯ ಕೆಲಸ ಹೇಗಿರುತ್ತದೆಂಬುದಕ್ಕೆ ಒಂದು ಅಭ್ಯಾಸವನ್ನು ಇಲ್ಲಿ ಕೊಡಲಾಗಿದೆ. ಒಂದು ವಸತಿ ಸಂಕೀರ್ಣದ ಸೂಚನಾ ಫಲಕದಲ್ಲಿ ಹೀಗೆ ಬರೆದಿದೆ ಎಂದಿಟ್ಟುಕೊಳ್ಳಿ: "ಮುಖ್ಯ ಕೊಳವೆಯ ತುರ್ತು ದುರಸ್ತಿ ಕಾಮಗಾರಿಯ ನಿಮಿತ್ತ ಸಂಬಂಧಿತ ವಿಭಾಗಗಳಲ್ಲಿ ನೀರು ಸರಬರಾಜು ತಾತ್ಕಾಲಿಕವಾಗಿ ಸ್ಥಗಿತಗೊಳ್ಳಲಿದ್ದು ನಾಗರಿಕರು ಸಹಕರಿಸಬೇಕಾಗಿ ವಿನಂತಿ." ವಾಕ್ಯದಲ್ಲಿ ತಪ್ಪೇನೂ ಇಲ್ಲ. ಆದರೆ ನೀರು ಯಾವಾಗ ನಿಲ್ಲುತ್ತದೆ, ಯಾವಾಗ ಬರುತ್ತದೆ, ಇಂದು ನಾನೇನು ಮಾಡಬೇಕು ಎಂಬ ಮೂರು ಪ್ರಶ್ನೆಗಳಿಗೂ ಉತ್ತರವಿಲ್ಲ. ಇದನ್ನೇ ಹೀಗೆ ಬರೆಯಬಹುದು: "ಗುರುವಾರ ಬೆಳಿಗ್ಗೆ 10ರಿಂದ ಶುಕ್ರವಾರ ಬೆಳಿಗ್ಗೆ 6ರವರೆಗೆ ನೀರು ಬರುವುದಿಲ್ಲ. ಬುಧವಾರ ರಾತ್ರಿಯೇ ತುಂಬಿಸಿಟ್ಟುಕೊಳ್ಳಿ. ಶುಕ್ರವಾರ ಮೊದಲು ಬರುವ ನೀರು ಕೆಂಪಗಿರಬಹುದು. ಸ್ವಲ್ಪ ಹೊತ್ತು ಹರಿಯಬಿಡಿ." ವಿದ್ಯಾರ್ಥಿಗಳು ಈ ಎರಡನೆಯ ಪಾಠವನ್ನು ಮರಾಠಿಯಲ್ಲೂ ಹಿಂದಿಯಲ್ಲೂ ಬರೆಯಲಿ. ಆದರೆ ಕನ್ನಡದಿಂದ ಅನುವಾದಿಸಬಾರದು. ಆ ಭಾಷೆಯ ನೆರೆಯಾಕೆ ಮೆಟ್ಟಿಲ ಮೇಲೆ ನಿಂತು ಹೇಗೆ ಹೇಳುವಳೋ ಹಾಗೆ ಬರೆಯಬೇಕು. ಬರೆದ ಮೇಲೆ ಆ ನೆರೆಯಾಕೆಗೇ ಓದಿ ತೋರಿಸಬೇಕು. ಎಲ್ಲಿ ಆಕೆ ತಡೆದು ಕೇಳುವಳೋ ಅಲ್ಲಿ ತಿದ್ದುಪಡಿ ಬೇಕೆಂದು ಅರ್ಥ. ಯಾವ ಪಠ್ಯಪುಸ್ತಕವೂ ಇಷ್ಟು ನಿಷ್ಠುರವಾದ ಪರೀಕ್ಷಕನನ್ನು ಒದಗಿಸಲಾರದು.

ಕನ್ನಡಕ್ಕೆ ಬರುವ ಎಷ್ಟೋ ಜಾಹೀರಾತುಗಳು ಈ ಪರೀಕ್ಷೆಯಲ್ಲಿ ಉತ್ತೀರ್ಣವಾಗುವುದಿಲ್ಲ. "ನಿಮ್ಮ ಬೆರಳ ತುದಿಯಲ್ಲಿ ಬ್ಯಾಂಕಿಂಗ್ ಅನುಭವ" ಎಂಬಂಥ ಮಾತನ್ನು ಯಾವ ಕನ್ನಡ ಮನೆಯಲ್ಲೂ ಯಾರೂ ಆಡುವುದಿಲ್ಲ. "ಬ್ಯಾಂಕಿಗೆ ಹೋಗಬೇಕಾಗಿಲ್ಲ, ಫೋನಿನಲ್ಲೇ ಆಗುತ್ತದೆ" ಎಂದರೆ ಎಲ್ಲರಿಗೂ ತಿಳಿಯುತ್ತದೆ. ಮುಂಬಯಿಯಲ್ಲೇ ಕನ್ನಡ ದಿನಪತ್ರಿಕೆಗಳೂ ಸಂಘಗಳ ಮಾಸಪತ್ರಿಕೆಗಳೂ ಇವೆ. ಅವುಗಳಲ್ಲಿ ಬರುವ ಜಾಹೀರಾತುಗಳನ್ನು ವಾರಕ್ಕೊಂದರಂತೆ ಕತ್ತರಿಸಿ ಅಂಟಿಸಿ, ಪಕ್ಕದಲ್ಲಿ ತಾವಾದರೆ ಹೇಗೆ ಬರೆಯುತ್ತಿದ್ದೆವೆಂದು ಬರೆದಿಡುವುದು ಉತ್ತಮ ಅಭ್ಯಾಸ.

ಸಾರ್ವಜನಿಕ ಪ್ರಚಾರದ ಪಾಠಕ್ಕಂತೂ ಇದೇ ನಗರ ಸಾಕು. 1992ರಲ್ಲಿ ಅಸ್ತಿತ್ವಕ್ಕೆ ಬಂದ ನವಿ ಮುಂಬಯಿ ಮಹಾನಗರಪಾಲಿಕೆಯು ರಾಷ್ಟ್ರೀಯ ಸ್ವಚ್ಛ ಸರ್ವೇಕ್ಷಣದಲ್ಲಿ 2020, 2022 ಮತ್ತು 2023ರಲ್ಲಿ ಮೂರನೆಯ ಸ್ಥಾನ ಗಳಿಸಿತು. ಹಸಿ, ಒಣ ಮತ್ತು ಮನೆಯ ಅಪಾಯಕಾರಿ ಕಸವನ್ನು ಬೇರೆ ಬೇರೆಯಾಗಿ ಕೊಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ವಿಧಿಸಿದವು. ನಿಯಮ ಒಂದೇ ಸಾಲಿನದು. ಅದು ಅಡುಗೆಮನೆಯ ರೂಢಿಯಾಗುವುದಕ್ಕೆ ಗೋಡೆ ಬರಹ, ಶಾಲಾ ಮಕ್ಕಳು, ಕಸದ ಗಾಡಿಯ ಧ್ವನಿವರ್ಧಕ, ಎಲ್ಲವೂ ಬೇಕು. ವಿದ್ಯಾರ್ಥಿಗಳು ತಮ್ಮ ಕಟ್ಟಡದ ಇಪ್ಪತ್ತು ಮನೆಗಳಲ್ಲಿ ವಿಚಾರಿಸಲಿ: ಯಾರು ಬೇರ್ಪಡಿಸುತ್ತಾರೆ, ಯಾರು ಇಲ್ಲ, ಏಕಿಲ್ಲ? ಅಡುಗೆಮನೆಯಲ್ಲಿ ಎರಡನೆಯ ಬುಟ್ಟಿಗೆ ಜಾಗವಿಲ್ಲವೆಂಬ ಉತ್ತರ ಬಂದರೆ ಅಲ್ಲಿ ಘೋಷಣೆಯಿಂದ ಪ್ರಯೋಜನವಿಲ್ಲ, ಬಾಗಿಲ ಹಿಂದೆ ತೂಗುಹಾಕಬಹುದಾದ ಚೀಲದಿಂದ ಪ್ರಯೋಜನವುಂಟು. ತೊಡಕು ಮಾತಿನದೋ ವಸ್ತುವಿನದೋ ಎಂದು ಗುರುತಿಸುವುದು ಈ ವೃತ್ತಿಯ ಮೊದಲ ವಿವೇಕ.

ಸತ್ಯದ ಎಲ್ಲೆ

ಜಾಹೀರಾತೆಂದರೆ ಬಣ್ಣದ ಸುಳ್ಳು ಎಂಬ ಭಾವನೆ ಅನೇಕ ಹಿರಿಯರಲ್ಲಿದೆ. ಮಕ್ಕಳನ್ನು ಈ ಕ್ಷೇತ್ರಕ್ಕೆ ಕಳುಹಿಸಲು ಅವರು ಹಿಂಜರಿಯುವುದಕ್ಕೆ ಅದೂ ಒಂದು ಕಾರಣ. ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದ್ದರಿಂದಲೇ ಕಾನೂನಿನ ಅರಿವು ಪಾಠದ ಅಂಗವಾಗಬೇಕು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆಯು ಮಧುಮೇಹವೇ ಮೊದಲಾದ ಹಲವು ರೋಗಗಳಿಗೆ ಪರಿಹಾರವೆಂದು ಸಾರುವ ಜಾಹೀರಾತುಗಳನ್ನು ನಿಷೇಧಿಸಿದೆ. 1985ರಲ್ಲಿ ಉದ್ಯಮದವರೇ ಸ್ಥಾಪಿಸಿಕೊಂಡ ಭಾರತೀಯ ಜಾಹೀರಾತು ಮಾನಕ ಪರಿಷತ್ತು ಸತ್ಯ, ಸಭ್ಯತೆ, ಹಾನಿಕಾರಕ ವಸ್ತುಗಳಿಂದ ರಕ್ಷಣೆ ಮತ್ತು ನ್ಯಾಯವಾದ ಸ್ಪರ್ಧೆ ಎಂಬ ತತ್ತ್ವಗಳ ಸಂಹಿತೆಯನ್ನು ಪಾಲಿಸುವಂತೆ ನೋಡಿಕೊಳ್ಳುತ್ತದೆ. ಯಾವ ನಾಗರಿಕನೂ ಅದಕ್ಕೆ ದೂರು ಕೊಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. 2022ರ ಜೂನ್‌ನಲ್ಲಿ ಹೊರಬಿದ್ದ ಮಾರ್ಗಸೂಚಿಗಳು ನಿಷೇಧಿತ ವಸ್ತುವಿನ ಹೆಸರನ್ನು ಬೇರೊಂದು ವಸ್ತುವಿನ ಮರೆಯಲ್ಲಿ ಪ್ರಚಾರ ಮಾಡುವುದನ್ನು ತಡೆದವು. ಸಾಮಾಜಿಕ ಜಾಲತಾಣಗಳಲ್ಲಿ ಹಣ ಪಡೆದು ವಸ್ತುವನ್ನು ಹೊಗಳುವವರು ಆ ಸಂಬಂಧವನ್ನು ಬಹಿರಂಗಪಡಿಸಬೇಕೆಂದು 2023ರಲ್ಲಿ ಸೂಚನೆ ಬಂದಿತು. ಈ ಕೊನೆಯದು ಕಾಲೇಜು ವಿದ್ಯಾರ್ಥಿಗಳಿಗೇ ನೇರವಾಗಿ ತಟ್ಟುವಂಥದು.

ಸತ್ಯವನ್ನು ಹೇಳಿದರೆ ಜಾಹೀರಾತು ಸಪ್ಪೆಯಾಗುತ್ತದೆಂಬುದು ತಪ್ಪು ತಿಳಿವಳಿಕೆ. ಕಚೇರಿಗಳಿಗೆ ಊಟದ ಡಬ್ಬಿ ಪೂರೈಸುವ ಗೃಹಿಣಿಯೊಬ್ಬರು ಒಂದು ಕರಪತ್ರ ಬರೆದುಕೊಡುವಂತೆ ಕೇಳಿದರೆಂದು ಭಾವಿಸಿ. "ಅತ್ಯುತ್ತಮ ಗುಣಮಟ್ಟ, ನೂರಕ್ಕೆ ನೂರು ಆರೋಗ್ಯಕರ, ನಗರದಲ್ಲೇ ಪ್ರಥಮ" ಎಂದು ಬರೆಯುವುದು ಸುಲಭ. ಅದನ್ನು ಯಾರೂ ನಂಬುವುದಿಲ್ಲ, ರುಜುವಾತುಪಡಿಸಲೂ ಆಗುವುದಿಲ್ಲ. ಅವರ ಅಡುಗೆಮನೆಯಲ್ಲಿ ಅರ್ಧ ದಿನ ಕುಳಿತು ನೋಡಿದವನು ಬರೆಯುವುದು ಬೇರೆ: "ಕುಚ್ಚಲಕ್ಕಿ ಅನ್ನ, ಸಾರು, ಒಂದು ಪಲ್ಯ. ಮಧ್ಯಾಹ್ನ ಹನ್ನೆರಡೂವರೆಗೆ ನಿಮ್ಮ ಕಚೇರಿಯ ಬಾಗಿಲಿಗೆ. ಭಾನುವಾರ ರಜೆ." ಊರಿನಿಂದ ದೂರವಿರುವ ಕರಾವಳಿಯ ತರುಣನಿಗೆ ಆ ಮೊದಲ ಪದವೇ ಸಾಕು. ಭಾನುವಾರ ರಜೆಯೆಂದು ಹೇಳಿಬಿಟ್ಟದ್ದರಿಂದ ಉಳಿದ ಮಾತುಗಳ ಮೇಲೂ ನಂಬಿಕೆ ಹುಟ್ಟುತ್ತದೆ.

ಸಾರ್ವಜನಿಕ ಸಂಪರ್ಕಾಧಿಕಾರಿಯ ಕೆಲಸ

ಪತ್ರಿಕಾ ಪ್ರಕಟಣೆ ಬರೆಯುವುದು ಈ ವೃತ್ತಿಯ ಅಕ್ಷರಾಭ್ಯಾಸ. ಊರು ಮತ್ತು ದಿನಾಂಕ, ಮೊದಲ ಪರಿಚ್ಛೇದದಲ್ಲೇ ಯಾರು, ಏನು, ಎಲ್ಲಿ, ಯಾವಾಗ, ಏಕೆ, ಅನಂತರ ವಿವರ, ಕೊನೆಗೆ ವಿಚಾರಿಸಬೇಕಾದವರ ಹೆಸರು ಮತ್ತು ದೂರವಾಣಿ. ಸಂಪಾದಕನು ಕೆಳಗಿನಿಂದ ಕತ್ತರಿಸುತ್ತಾನೆಂಬುದನ್ನು ನೆನಪಿನಲ್ಲಿಟ್ಟು ಬರೆಯಬೇಕು. ನಮ್ಮ ಸಂಘಗಳ ವರದಿಗಳಲ್ಲಿ ಅಧ್ಯಕ್ಷರು, ಉಪಾಧ್ಯಕ್ಷರು, ಗೌರವ ಕಾರ್ಯದರ್ಶಿಗಳ ಹೆಸರುಗಳೇ ಮೊದಲ ಎರಡು ಪರಿಚ್ಛೇದಗಳನ್ನು ತುಂಬಿ, ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನಾಂಕ ಕಟ್ಟಕಡೆಗೆ ಬರುತ್ತದೆ. ಕತ್ತರಿ ಬಿದ್ದಾಗ ಹೋಗುವುದು ಆ ದಿನಾಂಕವೇ. ಘಣಸೋಲಿ, ವಾಶಿ, ಡೊಂಬಿವಲಿಗಳ ಯಾವುದಾದರೊಂದು ಕನ್ನಡ ಸಂಘಕ್ಕೆ ಒಂದು ವರ್ಷ ಪ್ರಕಟಣೆಗಳನ್ನು ಬರೆದುಕೊಟ್ಟ ವಿದ್ಯಾರ್ಥಿಯು ಗೌರವವನ್ನೂ ಉಪಯುಕ್ತತೆಯನ್ನೂ ಒಂದೇ ಪುಟದಲ್ಲಿ ಹೊಂದಿಸುವ ಕಲೆಯನ್ನು ಕಲಿಯುತ್ತಾನೆ. ಅಧ್ಯಕ್ಷರ ಅಸಮಾಧಾನವನ್ನು ನಿಭಾಯಿಸುವುದೂ ಆ ತರಬೇತಿಯ ಭಾಗವೇ.

ಅಪಘಾತ, ಬೆಂಕಿ, ಕಲಬೆರಕೆಯ ಆರೋಪಗಳಂಥ ಸಂಕಟದ ಗಳಿಗೆಯಲ್ಲಿ ಈ ಅಧಿಕಾರಿಯ ನಿಜವಾದ ಪರೀಕ್ಷೆ ನಡೆಯುತ್ತದೆ. ರಾಸಾಯನಿಕ ಕಾರ್ಖಾನೆಗಳ ನೆರೆಯಲ್ಲಿ ಬೆಳೆದ ಥಾಣೆ-ಬೇಲಾಪುರ ಪಟ್ಟಿಯ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ತಿಳಿದದ್ದನ್ನು ಕೂಡಲೇ ಹೇಳುವುದು, ತಿಳಿಯದ್ದನ್ನು ಊಹಿಸದಿರುವುದು, ಮುಂದಿನ ಮಾಹಿತಿ ಎಷ್ಟು ಗಂಟೆಗೆ ದೊರೆಯುವುದೆಂದು ತಿಳಿಸಿ ಆ ಗಂಟೆಗೆ ಕೊಡುವುದು. ಆಡಳಿತ ವರ್ಗವು ಮರೆಮಾಚಲು ಬಯಸಿದಾಗ ಬೇಡವೆನ್ನುವ ಧೈರ್ಯವನ್ನು ಮಾತ್ರ ಪಾಠದಿಂದ ಕಲಿಸಲಾಗದು. 1958ರಲ್ಲಿ ಸ್ಥಾಪಿತವಾದ ಭಾರತೀಯ ಸಾರ್ವಜನಿಕ ಸಂಪರ್ಕ ಸಂಘವು ತನ್ನ ಸದಸ್ಯರಿಗೆ ವೃತ್ತಿಧರ್ಮದ ಸಂಹಿತೆಯನ್ನು ಅಂಗೀಕರಿಸಿದೆ.

ಸರ್ಕಾರಿ ವಲಯದಲ್ಲೂ ಅವಕಾಶಗಳಿವೆ. ಜಾಹೀರಾತು ಮತ್ತು ದೃಶ್ಯ ಪ್ರಚಾರ ನಿರ್ದೇಶನಾಲಯ, ಕ್ಷೇತ್ರ ಪ್ರಚಾರ ನಿರ್ದೇಶನಾಲಯ ಹಾಗೂ ಸಂಗೀತ ಮತ್ತು ನಾಟಕ ವಿಭಾಗ ಇವು 2017ರಲ್ಲಿ ಒಂದುಗೂಡಿದವು; ಆ ಸಂಸ್ಥೆಗೆ ಈಗ ಕೇಂದ್ರ ಸಂವಹನ ಇಲಾಖೆಯೆಂದು ಹೆಸರು. ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯ ಮೂಲಕ ಭಾರತೀಯ ಮಾಹಿತಿ ಸೇವೆಗೆ ಸೇರಬಹುದು. ಕರ್ನಾಟಕದಲ್ಲಿ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯಿದೆ.

ಕಡತ ಮತ್ತು ತರಬೇತಿ

ಪದವಿಯ ಎರಡನೆಯ ವರ್ಷದ ಹೊತ್ತಿಗೆ ಪ್ರತಿಯೊಬ್ಬ ವಿದ್ಯಾರ್ಥಿಯ ಬಳಿಯೂ ತಾನೇ ಮಾಡಿದ ಕೆಲಸಗಳ ಒಂದು ಕಡತವಿರಬೇಕು. ಹತ್ತು ಕೆಲಸಗಳು ಸಾಕು. ಕಾಲೇಜಿನ ತರಗತಿಗಾಗಿ ಪ್ರಸಿದ್ಧ ತಂಪು ಪಾನೀಯಕ್ಕೆ ಬರೆದ ಕಾಲ್ಪನಿಕ ಜಾಹೀರಾತುಗಳು ಎಲ್ಲರ ಕಡತದಲ್ಲೂ ಇರುತ್ತವೆ. ಅವು ಯಾರ ಗಮನವನ್ನೂ ಸೆಳೆಯುವುದಿಲ್ಲ. ಡಬ್ಬಿಯ ಗೃಹಿಣಿಯ ಕರಪತ್ರ, ಮೂರು ಭಾಷೆಗಳ ನೀರಿನ ಸೂಚನೆ, ಇಪ್ಪತ್ತು ಮನೆಗಳ ವಿಚಾರಣೆ, ಸಂಘದ ಪ್ರಕಟಣೆ ಪತ್ರಿಕೆಯಲ್ಲಿ ಬಂದ ತುಣುಕು, ಇವು ಬೇರೆಯವರ ಬಳಿ ಇರುವುದಿಲ್ಲ. ಪ್ರತಿಯೊಂದರ ಕೆಳಗೆ ಫಲಿತಾಂಶವನ್ನು ಎರಡು ಸಾಲಿನಲ್ಲಿ ಬರೆಯಬೇಕು: ಎಷ್ಟು ಕರಪತ್ರ ಹಂಚಿದೆವು, ಎಷ್ಟು ಮಂದಿ ಕರೆ ಮಾಡಿದರು. ಕರೆಗಳು ಬಾರದಿದ್ದರೆ ಅದನ್ನೂ, ಅದಕ್ಕೆ ಕಾರಣವೆಂದು ತೋರಿದ್ದನ್ನೂ ಬರೆಯಬೇಕು.

ಹೋಟೆಲಿನಲ್ಲಿ ಹಗಲು ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಓದಿದವರ ಪರಂಪರೆ ಮುಂಬಯಿಯದು. ಅಂಥ ಮನೆಗಳಿಗೆ ಸಂಬಳವಿಲ್ಲದ ಆರು ತಿಂಗಳ ತರಬೇತಿ ಎಂಬುದು ಸಣ್ಣ ಮಾತಲ್ಲ. ಘಣಸೋಲಿಯಿಂದ ಥಾಣೆಗೆ, ಅಲ್ಲಿ ಗಾಡಿ ಬದಲಿಸಿ ದಾದರ್ ಅಥವಾ ಪರೇಲಿಗೆ ಹೋಗಿ ಬರುವಾಗ ದಿನದ ಹಲವು ಗಂಟೆಗಳೂ ತಿಂಗಳ ಪಾಸಿನ ಹಣವೂ ಖರ್ಚಾಗುತ್ತವೆ. ಆದ್ದರಿಂದ ತರಬೇತಿಗೆ ಸೇರುವ ಮುನ್ನ ಅವಧಿ, ಭತ್ಯೆ, ಕೆಲಸದ ಗಂಟೆಗಳು, ಕೊನೆಯಲ್ಲಿ ಕೊಡುವ ಪ್ರಮಾಣಪತ್ರ, ತಾನು ಮಾಡಿದ ಕೆಲಸವನ್ನು ಕಡತದಲ್ಲಿ ತೋರಿಸಲು ಅನುಮತಿ, ಇವನ್ನು ಪತ್ರದಲ್ಲಿ ಬರೆಸಿಕೊಳ್ಳಬೇಕು. ಹೀಗೆ ಕೇಳುವುದು ಅವಿನಯವಲ್ಲ. ಮನೆಯ ಹತ್ತಿರವೇ ಮಹಾಪೆ, ರಬಾಳೆಗಳ ಕೈಗಾರಿಕಾ ಪ್ರದೇಶದ ಮಧ್ಯಮ ಗಾತ್ರದ ಸಂಸ್ಥೆಗಳಿಗೂ ನೌಕರರ ಪತ್ರಿಕೆ, ವಾರ್ಷಿಕ ವರದಿ, ಪ್ರದರ್ಶನದ ಮಳಿಗೆಗಳಿಗಾಗಿ ಬರೆಯುವವರು ಬೇಕಾಗುತ್ತಾರೆ. ದೊಡ್ಡ ಏಜೆನ್ಸಿಯ ಹೆಸರಿಲ್ಲದಿದ್ದರೂ ಅಲ್ಲಿ ಮೊದಲ ತಿಂಗಳಿನಿಂದಲೇ ಪೂರ್ಣ ಕೆಲಸ ಕೈಗೆ ಬರುತ್ತದೆ. ಅರ್ಜಿಯನ್ನು ಸಿಬ್ಬಂದಿ ವಿಭಾಗಕ್ಕೆ ಕಳುಹಿಸಿ ಕಾಯುವ ಬದಲು, ಆ ಸಂಸ್ಥೆಯ ಈಗಿನ ಕರಪತ್ರವೊಂದನ್ನು ತಾನೇ ಮರಾಠಿಯಲ್ಲೋ ಹಿಂದಿಯಲ್ಲೋ ಹೊಸದಾಗಿ ಬರೆದು, ಬದಲಾಯಿಸಿದ ಕಡೆಗಳಲ್ಲಿ ಕಾರಣವನ್ನು ಗುರುತುಮಾಡಿ ಅರ್ಜಿಯೊಡನೆ ಲಗತ್ತಿಸುವುದು ಹೆಚ್ಚು ಫಲಕಾರಿ.